ಬಾಕ್ಸ್‌ವುಡ್ ಎಂದು ಹೇಳಿ ಫೈಕಸ್ ಗಿಡ ಕೊಟ್ಟ ಬಗ್ಗೆ ದೂರು

ಇವರಿಗೆ,
ಮ್ಯಾನೇಜರ್,
ಗಿಡಗಳ ಮಾರಾಟ ಮಳಿಗೆ, ಮಂಗಳೂರು

ವಿಷಯ: 12 ಗಿಡಗಳನ್ನು ಬೇರು ಸಮೇತ ತೆಗೆದು, ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಕಳೆದ ವರ್ಷ ಚೌತಿ ಕಳೆದ ಮೇಲೆ ನಿಮ್ಮಲ್ಲಿಂದ 12 ಗಿಡ ತಗೊಂಡೆ. ಒಂದಕ್ಕೆ 900 ರೂಪಾಯಿ, ನೆಟ್ಟುಕೊಡಲು 1,500, ಒಟ್ಟು 12,300. ಬಿಲ್ಲಿನಲ್ಲಿ 'ಬಾಕ್ಸ್‌ವುಡ್' ಅಂತ ಬರೆದಿದ್ದೀರಿ. ನಿಧಾನವಾಗಿ ಬೆಳೆಯುತ್ತದೆ, ವರ್ಷವಿಡೀ ಹಸಿರು, ಚೆಂಡಿನ ಆಕಾರಕ್ಕೆ ಒಮ್ಮೆ ಕತ್ತರಿಸಿದರೆ ಬಹಳ ದಿನ ಹಾಗೇ ಇರುತ್ತದೆ ಅಂತ ನಿಮ್ಮ ಹುಡುಗ ಹೇಳಿದ್ದರು. ಬಾವಿಕಟ್ಟೆಯ ಸುತ್ತ ನೆಡುವುದು ಅಂತ ನಾನೂ ಮೊದಲೇ ಹೇಳಿದ್ದೆ. ನೆಟ್ಟವರೂ ನಿಮ್ಮವರೇ.

ಅಸಲಿ ಬಾಕ್ಸ್‌ವುಡ್ ವರ್ಷಕ್ಕೆ ಹೆಚ್ಚೆಂದರೆ ಒಂದು ಗೇಣು ಬೆಳೆಯುತ್ತದೆ. ನಮ್ಮ ಗಿಡಗಳು ಎಂಟು ತಿಂಗಳಲ್ಲಿ ಎರಡು ಅಡಿ ಏರಿದವು. ಮೂರು ಸಲ ಕತ್ತರಿಸಿದೆ. ಮೂರನೇ ಸಲ ಅಮ್ಮ ಪಕ್ಕದಲ್ಲಿದ್ದರು. ಕತ್ತರಿಯ ಬಾಯಿಗೆಲ್ಲ ಬಿಳಿ ಹಾಲು ಮೆತ್ತಿಕೊಂಡಿತ್ತು, ನನ್ನ ಬೆರಳುಗಳು ಅಂಟಂಟು. 'ಇದು ಗೋಳಿಯ ಜಾತಿ ಅಲ್ವಾ?' ಅಂದರು ಅಮ್ಮ.

ಅವರು ಹೇಳಿದ್ದೇ ಸರಿ. ತೋಟಗಾರಿಕೆ ಓದಿದ ಪರಿಚಯದವರಿಗೆ ಒಂದು ಕೊಂಬೆ ತೋರಿಸಿದೆ. ನೋಡಿದ ಕೂಡಲೇ ಫೈಕಸ್, ಅಂದರೆ ಆಲ, ಗೋಳಿಗಳ ಜಾತಿಯದ್ದು ಅಂದರು. ಬಾಕ್ಸ್‌ವುಡ್‌ನಲ್ಲಿ ಎಲೆಗಳು ಜೋಡಿಜೋಡಿಯಾಗಿ ಎದುರುಬದುರು ಇರುತ್ತವೆ, ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ, ಮುರಿದರೆ ಹಾಲು ಬರುವುದಿಲ್ಲ. ನಮ್ಮ ಗಿಡದಲ್ಲಿ ಎಲೆ ಒಂದಾದ ಮೇಲೊಂದು, ತುದಿ ಚೂಪು, ಎಲ್ಲಿ ಚಿವುಟಿದರೂ ಹಾಲು.

ನಿಮಗೆ ಫೋನ್ ಮಾಡಿದರೆ 'ನೋಡ್ಲಿಕ್ಕೆ ಎಲ್ಲ ಒಂದೇ ಅಲ್ವಾ ಮೇಡಂ' ಅಂದಿರಿ. ಅದು ನನಗೆ ತುಂಬಾ ಬೇಸರ ತಂದಿತು. ಮೇಲೆ ನೋಡಲಿಕ್ಕೆ ಒಂದೇ ಇರಬಹುದು, ಬೇರು ಒಂದೇ ಅಲ್ಲ. ಗೋಳಿ ಜಾತಿಯ ಬೇರು ಕಲ್ಲಿನ ಸಂದಿ ಹುಡುಕಿಕೊಂಡು ಹೋಗುತ್ತದೆ. ನಮ್ಮದು ಅಜ್ಜನ ಕಾಲದ ಮುರಕಲ್ಲಿನ ಬಾವಿ. ಮೊನ್ನೆ ಒಂದು ಗಿಡದ ಬುಡದ ಮಣ್ಣು ಕೈಯಲ್ಲೇ ಸರಿಸಿ ನೋಡಿದೆ. ಬೆರಳು ದಪ್ಪದ ಬೇರು ಕಟ್ಟೆಯ ಕೆಳಗಿನ ಕಲ್ಲಿಗೆ ತಾಗಿದೆ. ಈ ಬಾವಿ ನೀರನ್ನೇ ನಾವು ಕುಡಿಯುವುದು.

ಬದಲಿಗೆ ಅಸಲಿ ಬಾಕ್ಸ್‌ವುಡ್ ಕೊಡುತ್ತೇವೆ ಅಂತ ದಯವಿಟ್ಟು ಹೇಳಬೇಡಿ. ಅದು ಯುರೋಪಿನಂಥ ತಂಪು ಸೀಮೆಯ ಗಿಡ. ಬೇರು ಮೇಲಮೇಲೆ ಹರಡುತ್ತದೆ, ನೀರು ನಿಂತರೆ ಕೊಳೆಯುತ್ತದೆ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರಲ್ಲಿ ಜಾಸ್ತಿ ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಿಡ ಮಾರುವವರು ಇದನ್ನು ಮೊದಲೇ ಹೇಳಬೇಕಿತ್ತು. ಹೇಳಿದ್ದರೆ ನಾನು ಸುಮ್ನೆ ಕೇಪಳ ನೆಡುತ್ತಿದ್ದೆ.

ಮಳೆ ಹಿಡಿಯುವ ಮೊದಲೇ ನಿಮ್ಮವರು ಬಂದು ಹನ್ನೆರಡೂ ಗಿಡಗಳನ್ನು ಬೇರು ಸಮೇತ ತೆಗೆಯಬೇಕು. ಬುಡದಲ್ಲಿ ಕಡಿದು ಹೋದರೆ ಮತ್ತೆ ಚಿಗುರುತ್ತದೆ, ಅದು ಬೇಡ. ಕಟ್ಟೆಯ ಕಲ್ಲು ಸಡಿಲಾಗದ ಹಾಗೆ ಕೈಯಲ್ಲೇ ಅಗೆಯಬೇಕು, ಆಗ ನಾನು ಅಲ್ಲೇ ಇರುತ್ತೇನೆ. 12,300 ರೂಪಾಯಿ ಪೂರ್ತಿ ವಾಪಸ್ ಕೊಡಬೇಕು. ನಿಮ್ಮ ಅಂಗಡಿಯಲ್ಲಿ ಇದೇ ಗಿಡದ ಕುಂಡಗಳ ಮೇಲೆ ಇನ್ನೂ 'ಬಾಕ್ಸ್‌ವುಡ್' ಚೀಟಿ ಇದೆ, ಕಳೆದ ವಾರವೂ ನೋಡಿದೆ. ಅದನ್ನು ಇವತ್ತೇ ಬದಲಾಯಿಸಿ. ಬೇರೆಯವರೂ ಬಾವಿ ಪಕ್ಕ ನೆಟ್ಟಾರು.

15 ದಿನದೊಳಗೆ ಉತ್ತರ ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್ಲಿನ ಪ್ರತಿ, ಎಲೆ ಮತ್ತು ಬೇರಿನ ಫೋಟೋ ಜೊತೆಗಿಟ್ಟಿದ್ದೇನೆ.

ಇತಿ,
ನಿಮ್ಮ ಗ್ರಾಹಕಿ
ಪರ್ಕಳ, ಉಡುಪಿ