ಗೆಳೆಯನಿಗೊಂದು ಪತ್ರ: ಇಂಟರ್‌ವ್ಯೂ ಚೆನ್ನಾಗಿತ್ತು, ಸೀಟು ಮಾತ್ರ ಇಲ್ಲ

ಉಡುಪಿ

ಮಾರಾಯಾ,

ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ, ಪ್ಯಾನೆಲ್‌ನವರು ನಗಾಡಿಕೊಂಡೇ ಕಳಿಸಿದರು, ಆದರೂ ಎಂಬಿಎ ಸೀಟಿಲ್ಲ ಅಂದರೆ ಎಂತ ಅರ್ಥ ಅಂತ ಕೇಳಿದ್ದಿ. ನಗಾಡಿದ್ದಕ್ಕೆ ಅರ್ಥ ಹುಡುಕಬೇಡ, ಅವರು ಎಲ್ಲರ ಹತ್ತಿರವೂ ಹಾಗೆಯೇ ಮಾತಾಡುತ್ತಾರೆ. ಹಾಗಂತ ನಿನ್ನ ಇಂಟರ್‌ವ್ಯೂ ಹಾಳಾಗಿತ್ತು ಅಂತಲೂ ಅಲ್ಲ.

ಕ್ಯಾಟ್ (ಎಂಬಿಎ ಪ್ರವೇಶ ಪರೀಕ್ಷೆ), ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿ, ಕೆಲಸದ ಅನುಭವ, ಇಂಟರ್‌ವ್ಯೂ ಎಲ್ಲ ಕೂಡಿಸಿ ಕೊನೆಯ ಪಟ್ಟಿ ಮಾಡುತ್ತಾರೆ. ಯಾವುದಕ್ಕೆ ಎಷ್ಟು ತೂಕ ಅಂತ ಆಯಾ ಸಂಸ್ಥೆಯ ಪ್ರವೇಶ ನೀತಿಯಲ್ಲಿ ಹಾಕಿರುತ್ತಾರೆ, ವರ್ಷ ವರ್ಷ ಬದಲಾಗುವುದೂ ಉಂಟು. ಸುಮ್ಮನೆ ಒಂದು ಲೆಕ್ಕ ನೋಡು. ಇಂಟರ್‌ವ್ಯೂಗೆ 40, ಕ್ಯಾಟ್‌ಗೆ 30, ಹಳೆಯ ಅಂಕಗಳಿಗೆ 20, ಅನುಭವಕ್ಕೆ 10 ಅಂತಿಟ್ಟುಕೊ. ನಿನಗೆ 32, 20, 9, 2, ಒಟ್ಟು 63. ಇನ್ನೊಬ್ಬನಿಗೆ 28, 24, 14, 3, ಒಟ್ಟು 69. ಇಂಟರ್‌ವ್ಯೂನಲ್ಲಿ ನೀನೇ 4 ಅಂಕ ಮುಂದೆ, ಸೀಟು ಅವನಿಗೆ.

ಪರ್ಸೆಂಟೈಲ್, ಅಂದರೆ ಪರೀಕ್ಷೆ ಬರೆದ ನೂರರಲ್ಲಿ ಎಷ್ಟು ಜನ ನಿನಗಿಂತ ಹಿಂದೆ ಅನ್ನುವ ಲೆಕ್ಕ, ಅದನ್ನು ನೋಡಿ ಮೋಸ ಹೋಗುವವರೂ ಬಹಳ. 98 ಮತ್ತು 99.5 ಹತ್ತಿರ ಹತ್ತಿರ ಕಾಣುತ್ತವೆ. ಆದರೆ ಮೇಲೆ ಹೋದ ಹಾಗೆ ಜನ ಕಡಿಮೆ, ಅಂಕದ ಅಂತರ ದೊಡ್ಡದು. ಸ್ಕೋರ್ ಕಾರ್ಡಿನಲ್ಲಿ ಸ್ಕೇಲ್ಡ್ ಸ್ಕೋರ್ (ಬೇರೆ ಬೇರೆ ಪಾಳಿಯ ಪರೀಕ್ಷೆಗೆ ಸರಿಹೊಂದಿಸಿದ ಅಂಕ) ಬೇರೆಯೇ ಉಂಟು, ಅದನ್ನು ನೋಡು.

ಅನುಭವದಲ್ಲೂ ಹೀಗೆಯೇ. ಸಾಮಾನ್ಯವಾಗಿ ಡಿಗ್ರಿ ಮುಗಿದ ಮೇಲಿನ ಪೂರ್ಣಾವಧಿ ಕೆಲಸವನ್ನು ಮಾತ್ರ ತಿಂಗಳ ಲೆಕ್ಕದಲ್ಲಿ ಹಿಡಿಯುತ್ತಾರೆ. ಸಂಬಳದ ಸ್ಲಿಪ್ಪಿಲ್ಲದೆ ಮಾವನ ಅಂಗಡಿಯಲ್ಲಿ ಕೂತದ್ದು ಲೆಕ್ಕಕ್ಕಿಲ್ಲ.

ನಮ್ಮ ಕಡೆಯವರು ಎಡವುವ ಜಾಗ ಇನ್ನೊಂದು. ನಾಡಕಚೇರಿಯಿಂದ ತಂದ 2ಎ, 3ಬಿ ಪ್ರಮಾಣಪತ್ರ ಐಐಎಮ್‌ಗಳಲ್ಲಿ (ಕೇಂದ್ರದ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ) ನಡೆಯುವುದಿಲ್ಲ. ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯೇ ಬೇರೆ. ಅದರಲ್ಲಿ ನಿನ್ನ ಜಾತಿ ಉಂಟಾ ಅಂತ ಮೊದಲು ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲೇ ಕೆನೆಪದರಕ್ಕೆ ಸೇರಿಲ್ಲ ಎಂಬ ಪತ್ರ ಮಾಡಿಸಬೇಕು. ಅಲ್ಲಿ ಆ ವರ್ಗಕ್ಕೆ 27 ಶೇಕಡಾ ಮೀಸಲು. ಕ್ಯಾಟ್ ಅರ್ಜಿಯಲ್ಲಿ ಸಾಮಾನ್ಯ ವರ್ಗ ಅಂತ ಒತ್ತಿದ ಮೇಲೆ ಬದಲಿಸಲಿಕ್ಕೆ ಬಿಡುವುದಿಲ್ಲ. ಅರ್ಜಿ ಆಗಸ್ಟ್‌ನಲ್ಲಿ ಶುರು, ಆಗ ಹೊರಟರೆ ತಡ.

ಪತ್ರದಲ್ಲಿ ವೇಯ್ಟಿಂಗ್ ಲಿಸ್ಟ್ ಅಂತ ಇದ್ದರೆ ಕಾಯಲಿಕ್ಕೆ ಅರ್ಥ ಉಂಟು. ಎರಡು ಮೂರು ಕಡೆ ಸೀಟು ಸಿಕ್ಕವರು ಒಂದನ್ನು ಹಿಡಿದು ಉಳಿದದ್ದು ಬಿಟ್ಟಾಗ ಪಟ್ಟಿ ಸರಿಯುತ್ತದೆ. ಫೀಸು ಕಟ್ಟಲು ಕೆಲವೇ ದಿನ ಕೊಡುತ್ತಾರೆ, ಮೇಲ್‌ನ ಸ್ಪ್ಯಾಮ್ ಫೋಲ್ಡರನ್ನೂ ದಿನಾ ತೆರೆದು ನೋಡು. ನೇರ ನಿರಾಕರಣೆ ಅಂದರೆ ಅಲ್ಲಿಗೆ ಮುಗಿಯಿತು. ಫೋನ್ ಮಾಡಿ ಬೇಡಿಕೊಳ್ಳುವುದು ದಂಡ.

ಅಂಕ ಮಾತ್ರ ಕೇಳು. ಸರಕಾರಿ ಸಂಸ್ಥೆಯಾದರೆ ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ) ಹಾಕಬಹುದು: 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. 'ಯಾಕೆ ತೆಗೆದುಕೊಳ್ಳಲಿಲ್ಲ' ಅಂತ ಬರೆಯಬೇಡ, ಅದು ಮಾಹಿತಿ ಅಲ್ಲ ಅಂತ ವಾಪಸು ಬರುತ್ತದೆ. ನನ್ನ ಇಂಟರ್‌ವ್ಯೂ ಅಂಕ, ಪ್ರತಿ ಭಾಗದ ಅಂಕ, ನನ್ನ ವರ್ಗದಲ್ಲಿ ಕೊನೆಯದಾಗಿ ಆಯ್ಕೆಯಾದವರ ಒಟ್ಟು ಅಂಕ — ಇಷ್ಟೇ ಬರೆ.

ಹತ್ತನೆಯದರ ಅಂಕ ಇನ್ನು ಬದಲಾಗುವುದಿಲ್ಲ. ಹಾಗಾಗಿ ಅದಕ್ಕೆ ಕಡಿಮೆ ತೂಕ ಕೊಡುವ ಸಂಸ್ಥೆಗಳನ್ನು ಈಗಲೇ ಆರಿಸಬೇಕು. ಭಾನುವಾರ ಮಲ್ಪೆಗೆ ಬಾ. ಬರುವಾಗ ಸ್ಕೋರ್ ಕಾರ್ಡ್, ಮೂರೂ ಮಾರ್ಕ್ಸ್ ಕಾರ್ಡ್ ತಾ, ಕೂತು ಲೆಕ್ಕ ಹಾಕುವ.

ನಿನ್ನ ಗೆಳೆಯ