ಕಾರ್ಡ್ ಇದೆಯಲ್ಲ, ಮತ್ಯಾಕೆ ಓಡಾಟ?

ತೀರ್ಥರೂಪು ಅಪ್ಪನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಭಾರತದ ಪೌರತ್ವ ಮತ್ತೆ ಪಡೆಯುತ್ತೇನೆ ಅಂದಿದ್ದಕ್ಕೆ, "ಒಸಿಐ ಕಾರ್ಡ್ ಇದೆಯಲ್ಲ, ಎಷ್ಟು ವರ್ಷ ಬೇಕಾದರೂ ಬಂದು ಇರಬಹುದು, ಮತ್ಯಾಕೆ ಓಡಾಟ?" ಅಂತ ಕೇಳಿದಿರಿ. ಫೋನಿನಲ್ಲಿ ಹೇಳಲು ಹೋದರೆ ನಮ್ಮಿಬ್ಬರಿಗೂ ಜಗಳ ಆಗುತ್ತದೆ. ಅದಕ್ಕೇ ಈ ಕಾಗದ.

ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಆ ಕಾರ್ಡ್ ಜೀವನಪೂರ್ತಿಯ ವೀಸಾ ಇದ್ದ ಹಾಗೆ, ಅಷ್ಟೇ. ಕೃಷಿ ಭೂಮಿ ಕೊಂಡುಕೊಳ್ಳಲು ಆಗುವುದಿಲ್ಲ, ಆದರೆ ನಿಮ್ಮಿಂದ ಪಾಲಿಗೆ ಬಂದರೆ ಇಟ್ಟುಕೊಳ್ಳಬಹುದು. ಅಣ್ಣ ಸುಮ್ನೆ ಹೆದರಿದ್ದಾನೆ. ನನಗೆ ಬೇಕಿರುವುದು ಓಟು. ದೇಶದ ಬಗ್ಗೆ ದಿನವೂ ಬಾಯಿ ಮಾಡುತ್ತೇನೆ, ಬೆರಳಿಗೆ ಮಾತ್ರ ಶಾಯಿ ಬೀಳುವುದಿಲ್ಲ.

ಇನ್ನೊಂದು ವಿಷಯ. ಪಾಸ್‌ಪೋರ್ಟ್ ವಾಪಸ್ ಕೊಟ್ಟಿದ್ದರಿಂದ ಪೌರತ್ವ ಹೋಯಿತು ಅಂತ ನೀವು ತಿಳಿದಿದ್ದೀರಿ. ಹಾಗಲ್ಲ. ಕೆನಡಾದ ಪೌರತ್ವ ಪಡೆದ ದಿನವೇ ಅದು ತಾನಾಗಿ ಹೋಯಿತು. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಹಾಗೇ ಇದೆ. ನಿಮ್ಮ ಗೆಳೆಯರು ಹೇಳಿದ, 'ಮಕ್ಕಳು 18 ತುಂಬಿದ ಒಂದು ವರ್ಷದೊಳಗೆ ಪೌರತ್ವ ವಾಪಸ್ ಬೇಕು ಅಂತ ಬರೆದುಕೊಟ್ಟರೆ ಸಾಕು' ಅನ್ನೋದು 8ನೇ ಕಲಮಿನದು. ಅಪ್ಪ ಅಮ್ಮ ತಾವೇ ಘೋಷಣೆ ಮಾಡಿ ಪೌರತ್ವ ಬಿಟ್ಟಾಗ ಕಳೆದುಕೊಂಡ ಮಕ್ಕಳಿಗೆ ಅದು. ನಮ್ಮ ಹಾಗೆ ತಾನಾಗಿ ಹೋದವರ ಮಕ್ಕಳಿಗೆ ಆ ದಾರಿ ಇಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾಗಿ ನಮ್ಮ ಪುಟ್ಟನ ಪೌರತ್ವದ ಆಸೆ ಸದ್ಯಕ್ಕೆ ಬೇಡ.

ನನಗಿರುವುದು 5ನೇ ಕಲಂ. ಹಿಂದೆ ಭಾರತದ ಪೌರರಾಗಿದ್ದವರು 12 ತಿಂಗಳು ಅಲ್ಲೇ ವಾಸವಿದ್ದು ಅರ್ಜಿ ಹಾಕಬೇಕು. ಮಧ್ಯೆ ಹೊರಗೆ ಹೋದರೆ, ವಿಶೇಷ ಕಾರಣವಿದ್ದಾಗ 30 ದಿನದವರೆಗೆ ಕೇಂದ್ರ ವಿನಾಯಿತಿ ಕೊಡಬಹುದು. ಅರ್ಜಿ ಜಿಲ್ಲಾಧಿಕಾರಿ ಕಚೇರಿಯಿಂದ ರಾಜ್ಯಕ್ಕೆ, ಅಲ್ಲಿಂದ ಗೃಹ ಸಚಿವಾಲಯಕ್ಕೆ ಹೋಗುತ್ತದೆ. ಕೊನೆಗೆ ಕೆನಡಾದ ಪೌರತ್ವ ಬಿಡಲೇಬೇಕು. ಎರಡು ದೋಣಿಯಲ್ಲಿ ಕಾಲಿಡಲು ಕೆನಡಾ ಬಿಡುತ್ತದೆ, ಭಾರತ ಬಿಡುವುದಿಲ್ಲ. ಇವರು ಇನ್ನೂ ಮನಸ್ಸು ಮಾಡಿಲ್ಲ. ಒತ್ತಾಯ ಮಾಡುವುದಿಲ್ಲ ಅಂದಿದ್ದೇನೆ.

ಈಗ ತಲೆನೋವು ಕಾಗದಪತ್ರದ್ದು. ನಾನು ಹುಟ್ಟಿದ್ದು 1979ರಲ್ಲಿ. 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು, ಅಲ್ವಾ? ಆದರೆ ನನ್ನ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ. 'ಹೆಣ್ಣು' ಅಂತಿದೆ, ನಿಮ್ಮ ಹೆಸರಿದೆ, ಅದೂ ಒಂದಕ್ಷರ ತಪ್ಪಾಗಿ. ಆ ಮಗು ನಾನೇ ಅಂತ ಅದರಿಂದ ಹೇಗೆ ತೋರಿಸಲಿ? ಮೂಲೆ ಕತ್ತರಿಸಿ, ರದ್ದು ಅಂತ ಮುದ್ರೆ ಒತ್ತಿ ಕೊಟ್ಟ ಹಳೇ ಪಾಸ್‌ಪೋರ್ಟ್ ನನ್ನ ಹತ್ತಿರವೇ ಇದೆ. ಈಗ ಅದೇ ದೊಡ್ಡ ಆಧಾರ. ಎಸೆಯೋಣ ಅಂದವರೇ ಜಾಸ್ತಿ.

ಬೀರುವಿನಲ್ಲಿ ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಶಾಲೆಯ ಟಿಸಿ ಇರಬೇಕು. ಹುಟ್ಟಿದ ದಿನ, ನಿಮ್ಮ ಹೆಸರು, ನನ್ನ ಹೆಸರು ಒಂದೇ ಕಡೆ ಇರುವುದು ಅವುಗಳಲ್ಲೇ. ನಿಮ್ಮ ಪಾಸ್‌ಪೋರ್ಟನ್ನೂ ಜೊತೆಗಿಡಿ. ಎಲ್ಲದರ ಫೋಟೋ ತೆಗೆದು ಕಳಿಸಲು ಅಣ್ಣನಿಗೆ ಹೇಳಿ. ದಯವಿಟ್ಟು ಯಾವುದಕ್ಕೂ ಲ್ಯಾಮಿನೇಷನ್ ಮಾಡಿಸಬೇಡಿ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇತಿ ನಿಮ್ಮ ಮಗಳು