ಅಣು ಸ್ಥಾವರ ಕಳಚಲು ಎರಡು ಪೈಸೆ ಸಾಕೇ?

ಮಾನ್ಯ ಸಂಪಾದಕರೇ,

ಕೈಗಾದಲ್ಲಿ ತಲಾ 700 ಮೆಗಾವಾಟ್‌ನ ಇನ್ನೆರಡು ಘಟಕಗಳ ಕೆಲಸ ನಡೆಯುತ್ತಿದೆ. 2047ರ ಹೊತ್ತಿಗೆ ದೇಶದಲ್ಲಿ ಒಂದು ಲಕ್ಷ ಮೆಗಾವಾಟ್ ಅಣು ವಿದ್ಯುತ್ ಆಗಬೇಕು ಎಂಬುದು ಕೇಂದ್ರದ ಗುರಿ. 2025ರ ಡಿಸೆಂಬರ್‌ನಲ್ಲಿ ಶಾಂತಿ ಕಾಯ್ದೆ ತಂದು ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆದದ್ದಾಯಿತು. ಕಟ್ಟುವ ಮಾತು ಇಷ್ಟು ಜೋರಾಗಿದೆ. ಆಯಸ್ಸು ಮುಗಿದ ಸ್ಥಾವರವನ್ನು ಕಳಚುವವರು ಯಾರು, ದುಡ್ಡು ಯಾರದ್ದು ಎಂದು ಮಾತ್ರ ಯಾರೂ ಬಾಯಿ ಬಿಡುತ್ತಿಲ್ಲ.

ನಾನು ಅಣು ವಿದ್ಯುತ್ತಿನ ವಿರೋಧಿಯಲ್ಲ. ಕೈಗಾದ ಒಂದನೇ ಘಟಕ 962 ದಿನ ಒಂದೇ ಸಮನೆ ಓಡಿ, 2018ರಲ್ಲಿ ವಿಶ್ವ ದಾಖಲೆ ಮಾಡಿದಾಗ ಖುಷಿಪಟ್ಟವನೇ. ಆದರೆ ಈ ಘಟಕ ಶುರುವಾಗಿದ್ದು 2000ದಲ್ಲಿ. ನಲವತ್ತು ವರ್ಷ ಎಂದುಕೊಂಡರೆ 2040 ತೀರಾ ದೂರವೇನಿಲ್ಲ, ಅಲ್ವಾ? ಹಳೇ ಮಿಲ್ಲು ಮುಚ್ಚಿದಂತೆ ಬೀಗ ಹಾಕಿ ಬರುವ ಕೆಲಸವೂ ಇದಲ್ಲ. ಇಂಧನ ಹೊರತೆಗೆದು ವರ್ಷಗಟ್ಟಲೆ ತಣಿಸಬೇಕು. ಇಂಥ ಒಂದು ರಿಯಾಕ್ಟರಿನ ಹೊಟ್ಟೆಯಲ್ಲಿ 306 ಕೊಳವೆಗಳಿರುತ್ತವೆ. ವಿಕಿರಣ ಹತ್ತಿದ ಆ ಕೊಳವೆಗಳನ್ನು ದೂರದಿಂದಲೇ ಯಂತ್ರ ಹಿಡಿದು ಬಿಚ್ಚಬೇಕು.

ಇದಕ್ಕೆಂದು ಅಣು ವಿದ್ಯುತ್ತಿನ ದರದಲ್ಲೇ ಯೂನಿಟ್‌ಗೆ 2 ಪೈಸೆ ಸೇರಿಸಿ ನಿಧಿಗೆ ಹಾಕುತ್ತಾರೆ. ಸುಮ್ನೆ ಲೆಕ್ಕ ಹಾಕಿ ನೋಡಿ. 220 ಮೆಗಾವಾಟ್‌ನ ಒಂದು ಘಟಕ ವರ್ಷಪೂರ್ತಿ ಒಂದು ಗಂಟೆಯೂ ನಿಲ್ಲದೆ ಓಡಿದರೆ ಸುಮಾರು 193 ಕೋಟಿ ಯೂನಿಟ್. ಅದರಿಂದ ಬರುವುದು ನಾಲ್ಕು ಕೋಟಿ ರೂಪಾಯಿಗೂ ಕಡಿಮೆ. ನಲವತ್ತು ವರ್ಷಕ್ಕೆ, ಬಡ್ಡಿ ಬಿಟ್ಟು, 154 ಕೋಟಿ. ಜರ್ಮನಿಯಲ್ಲಿ ಎಲ್ಲ ಸ್ಥಾವರಗಳದ್ದೂ ಸೇರಿ ಬರೀ ತ್ಯಾಜ್ಯ ಕಾಯ್ದಿಡುವುದಕ್ಕೇ ಕಂಪನಿಗಳು 2017ರಲ್ಲಿ ಸರ್ಕಾರದ ನಿಧಿಗೆ ಸುಮಾರು 2,400 ಕೋಟಿ ಯೂರೋ ಕಟ್ಟಿದವು. ಅಲ್ಲಿಯ ಸ್ಥಾವರಗಳು ದೊಡ್ಡವು, ಖರ್ಚೂ ಜಾಸ್ತಿ, ನಿಜ. ಹಾಗಂತ ಇಷ್ಟೊಂದು ಅಂತರವೇ? ನಮ್ಮ ಕರೆಂಟ್ ಬಿಲ್ಲಿಗೆ 2025ರ ಏಪ್ರಿಲ್‌ನಿಂದ ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಯೂನಿಟ್‌ಗೆ 36 ಪೈಸೆ ಸೇರಿತು. ಜನ ಬೈದರು, ಆದರೆ ವಿಷಯವಾದರೂ ಗೊತ್ತಾಯಿತು. ಈ ಎರಡು ಪೈಸೆ ಬಿಲ್ಲಿನಲ್ಲಿ ಕಾಣುವುದೂ ಇಲ್ಲ.

2012ರಲ್ಲೇ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಇದನ್ನು ಎತ್ತಿ ಹೇಳಿತ್ತು. ಸ್ಥಾವರಗಳಿಗೆ ಕಳಚುವ ಯೋಜನೆಯೇ ಇಲ್ಲ, ಹಣ ಸಾಕಷ್ಟಿದೆಯೇ ಎಂದು ನೋಡುವ ಅಧಿಕಾರ ಅಣು ಶಕ್ತಿ ನಿಯಂತ್ರಣ ಮಂಡಳಿಗೂ ಇಲ್ಲ ಎಂದು. ಇದು ಮುಂದೆಂದೋ ಬರುವ ಮಾತೂ ಅಲ್ಲ; ರಾಜಸ್ಥಾನದ ಅಣು ಸ್ಥಾವರದ ಒಂದನೇ ಘಟಕ 2004ರಲ್ಲಿ ನಿಂತಿದ್ದು ಮತ್ತೆ ಓಡಿಲ್ಲ.

ಮುಚ್ಚುವ ಲೆಕ್ಕ ಮೊದಲೇ ಹಾಕದಿದ್ದರೆ ಏನಾಗುತ್ತದೆ ಎಂದು ತಿಳಿಯಲು ಜರ್ಮನಿಗೆ ಹೋಗಬೇಕಿಲ್ಲ. ನಮ್ಮ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕರೆಂಟ್ ಹೋದದ್ದು ಕೋಲಾರದ ಚಿನ್ನದ ಗಣಿಗೆ. ಗಣಿ 2001ರಲ್ಲಿ ಮುಚ್ಚಿತು. ಅದಿರು ಅರೆದು ಸುರಿದ ಸೈನೈಡ್ ದಿಬ್ಬಗಳು ಊರಲ್ಲೇ ಉಳಿದವು. ಗಾಳಿ ಎದ್ದ ದಿನ ಆ ದೂಳು ಮನೆಯೊಳಗೇ ಬರುತ್ತದೆ. ಅಲ್ಲಿರುವ ನಮ್ಮ ಸೋದರತ್ತೆ ನೀರಿನ ಬಿಂದಿಗೆಗೆ ತಟ್ಟೆ ಮುಚ್ಚಿ, ಅದರ ಮೇಲೊಂದು ಬಟ್ಟೆಯನ್ನೂ ಕಟ್ಟುತ್ತಾರೆ. ಇದು ಚಿನ್ನದ ಗಣಿಯ ಕಥೆ. ವಿಕಿರಣದ ಮಾತೇ ಬೇರೆ.

ಹಾಗಾಗಿ ಅಣು ಶಕ್ತಿ ಇಲಾಖೆ ಪ್ರತಿ ಘಟಕದ ಹೆಸರಿನಲ್ಲಿ ಎಷ್ಟು ಹಣ ಸೇರಿದೆ, ಕಳಚಲು ಎಷ್ಟು ಬೇಕಾದೀತು ಎಂದು ವರ್ಷ ವರ್ಷ ಪ್ರಕಟಿಸಲಿ. ಖಾಸಗಿಯವರಿಂದ ಒಂದಷ್ಟು ಹಣವನ್ನು ಕಾಮಗಾರಿಗೆ ಮುಂಚೆಯೇ ಠೇವಣಿ ಇಡಿಸಿಕೊಳ್ಳಲಿ. ನಾಳೆ ಕಂಪನಿ ದಿವಾಳಿಯಾಯಿತು ಎಂದು ಕೈ ಎತ್ತಿದರೆ ಯಾರನ್ನು ಹಿಡಿಯುವುದು? ನಮ್ಮ ಮಂಡ್ಯದ ಸಂಸದರು ಕೇಂದ್ರ ಸಚಿವರು, ಸದನದಲ್ಲಿ ಪ್ರಶ್ನೆ ಹಾಕುವಂತಿಲ್ಲ. ಪಕ್ಕದ ಮೈಸೂರಿನವರಾದರೂ ಇದನ್ನು ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳಲಿ. ಆಗ ಉತ್ತರ ಸದನದಲ್ಲೇ, ಬಾಯಿಬಿಟ್ಟು ಕೊಡಬೇಕಾಗುತ್ತದೆ.

– ಒಬ್ಬ ಓದುಗ, ಮಳವಳ್ಳಿ, ಮಂಡ್ಯ ಜಿಲ್ಲೆ